ಹೊಗೆಗೆ ಬೆಲೆ ಕಟ್ಟಿದರೆ ರಾಯಚೂರಿನ ಚಿಮಣಿಗೆ ಏನಾಗುತ್ತದೆ?

ಕಾಫಿ ಕೊಯ್ಲಿನ ಸಮಯ. ಕಣದ ಹತ್ತಿರ ಕೂತಿದ್ದಾಗ ಪಕ್ಕದ ತೋಟದ ಮಾವ ಕೇಳಿದರು: "ಕಾರ್ಬನ್‌ಗೆ ದುಡ್ಡು ಕೊಡ್ತಾರಂತೆ ಅಲ್ವಾ? ನಮ್ಮ ಮರಗಳಿಗೆ ಎಷ್ಟು ಸಿಗಬಹುದು?" ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಟಿವಿಯಲ್ಲಿ ಬೇರೆಯೇ ಹೇಳ್ತಿದ್ದಾರೆ. ಕಾರ್ಬನ್‌ಗೆ ಬೆಲೆ ಹಾಕಿದರೆ ಕರೆಂಟ್ ಬಿಲ್ ಏರುತ್ತಂತೆ. ಇದು ಕೊಡೋದಾ, ಕಿತ್ಕೊಳ್ಳೋದಾ?"

ಎರಡೂ ನಿಜ. ಎರಡೂ ಒಂದೇ ಹಗ್ಗದ ಎರಡು ತುದಿ. ಕಲ್ಲಿದ್ದಲು ಸುಡುವವನು ದುಡ್ಡು ಕಟ್ಟುವುದು ಒಂದು ತುದಿ. ಮರ ಬೆಳೆಸುವವನಿಗೆ ಸಿಗಬಹುದಾದ ದುಡ್ಡು ಇನ್ನೊಂದು ತುದಿ. ಮೊದಲನೆಯದು ಅರ್ಥವಾಗದೆ ಎರಡನೆಯದು ಅರ್ಥವಾಗುವುದಿಲ್ಲ. ಹಾಗಾಗಿ ಮಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಯೂನಿಟ್ ಕರೆಂಟಿನ ಹಿಂದೆ

ಕೊಡಗಿನಲ್ಲಿ ಕಲ್ಲಿದ್ದಲಿನ ಸ್ಥಾವರ ಒಂದೂ ಇಲ್ಲ. ಹಾರಂಗಿಯಲ್ಲಿ ಸಣ್ಣ ಜಲವಿದ್ಯುತ್ ಘಟಕ ಇದೆ. ಆದರೆ ಚೆಸ್ಕಾಂ (ನಮ್ಮ ಕಡೆ ಕರೆಂಟು ಹಂಚುವ ಕಂಪನಿ) ತಂತಿಯಲ್ಲಿ ನಮ್ಮ ಮನೆಗೆ ಬರುವ ಕರೆಂಟು ಎಲ್ಲ ಕಡೆಯಿಂದ ಬಂದು ಬೆರೆತದ್ದು. ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಅದರಲ್ಲಿ ಇವೆ. ಜೊತೆಗೆ ಕಲ್ಲಿದ್ದಲೂ ಇದೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಬಳ್ಳಾರಿಯ ಕುಡಿತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600, ವಿಜಯಪುರದ ಕೂಡಗಿಯಲ್ಲಿ 2,400, ಉಡುಪಿಯ ಯಲ್ಲೂರಿನಲ್ಲಿ 1,200. ದೇಶದ ಲೆಕ್ಕಕ್ಕೆ ಬಂದರೆ ನೂರು ಯೂನಿಟ್‌ನಲ್ಲಿ ಸುಮಾರು 70 ಕಲ್ಲಿದ್ದಲಿನಿಂದಲೇ ಬರುತ್ತದೆ.

ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆಯಲು ನಮ್ಮ ದೇಶದಲ್ಲಿ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಆಗ ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಹತ್ತಿರ ಹತ್ತಿರ ಒಂದು ಕಿಲೋ. ಸುಟ್ಟದ್ದು ಮುಕ್ಕಾಲು ಕಿಲೋ ಕೂಡ ಇಲ್ಲ, ಬಂದ ಅನಿಲ ಒಂದು ಕಿಲೋ. ಇದು ಹೇಗೆ ಅಂತ ಮಾವ ನಂಬಲೇ ಇಲ್ಲ. ಕಾರಣ ಸರಳ. ಕಲ್ಲಿದ್ದಲಿನಲ್ಲಿರುವ ಕಾರ್ಬನ್ ಸುಡುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಆ ಆಮ್ಲಜನಕದ ತೂಕವೂ ಸೇರಿ, 12 ಕಿಲೋ ಕಾರ್ಬನ್ ಸುಟ್ಟರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ.

ಇನ್ನೊಂದು ಮಾತು. ಈ ಅನಿಲ ಕಣ್ಣಿಗೆ ಕಾಣುವುದಿಲ್ಲ. ಚಿಮಣಿಯ ಮೇಲೆ ಕಪ್ಪಗೆ, ಬೂದಿ ಬಣ್ಣಕ್ಕೆ ಕಾಣುವುದು ಬೂದಿ ಮತ್ತು ಮಸಿ. ಕಾರ್ಬನ್ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಾತಿನ ಅನುಕೂಲಕ್ಕೆ ಇಲ್ಲಿ 'ಹೊಗೆ' ಎಂದು ಬರೆದಾಗೆಲ್ಲ ನನ್ನ ಮನಸ್ಸಿನಲ್ಲಿರುವುದು ಈ ಕಾಣದ ಅನಿಲ.

ಪಲ್ಪರ್ ನೀರಿನ ಲೆಕ್ಕ

ಹೊಗೆಗೆ ಬೆಲೆ ಯಾಕೆ ಬೇಕು ಅನ್ನುವುದನ್ನು ಕೊಡಗಿನವರಿಗೆ ವಿವರಿಸಲು ದೂರ ಹೋಗಬೇಕಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ, ಅಂದರೆ ಪಲ್ಪರ್‌ನ ನೀರು ಸಾಕು.

ಅರೇಬಿಕಾ ಹಣ್ಣು ಕೊಯ್ದು ಪಲ್ಪ್ ಮಾಡುವಾಗ ಬರುವ ಹುಳಿ ನೀರನ್ನು ನೇರ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಟ್ಟರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ನೀರು ಕಪ್ಪಾಗುತ್ತದೆ. ಮೀನು ಸಾಯುತ್ತದೆ. ಕೆಳಗಿನವರು ಆ ನೀರಿಗೆ ಕೈ ಹಾಕುವಂತಿಲ್ಲ. ಆದರೆ ಮೇಲಿನ ತೋಟದವರ ಲೆಕ್ಕದ ಪುಸ್ತಕ ತೆಗೆದು ನೋಡಿ. ಆಳಿನ ಕೂಲಿ ಇದೆ, ಡೀಸೆಲ್ ಇದೆ, ಗೋಣಿಚೀಲ ಇದೆ. ಸತ್ತ ಮೀನಿನ ಲೆಕ್ಕ ಇಲ್ಲ. ಅದು ಕೆಳಗಿನವರ ಪುಸ್ತಕದಲ್ಲಿದೆ. ಹಾನಿ ಮಾಡಿದವರು ಒಬ್ಬರು, ಖರ್ಚು ಹೊತ್ತವರು ಇನ್ನೊಬ್ಬರು.

ಈಗ ತೋಡಿಗೆ ಬಿಡುವ ಪ್ರತಿ ಟ್ಯಾಂಕ್ ನೀರಿಗೆ ಇಷ್ಟು ದುಡ್ಡು ಅಂತ ಪಂಚಾಯಿತಿ ಹಾಕಿತು ಅಂದುಕೊಳ್ಳಿ. ಒಬ್ಬರು ಕಡಿಮೆ ನೀರು ಕುಡಿಯುವ ಹೊಸ ಪಲ್ಪರ್ ತರುತ್ತಾರೆ. ಒಬ್ಬರು ಗುಂಡಿ ತೋಡಿ, ಸುಣ್ಣ ಹಾಕಿ, ನೀರನ್ನು ತಿಳಿಯಾಗಿಸುತ್ತಾರೆ. ಮೂರನೆಯವರು ಪಲ್ಪಿಂಗ್ ಸಹವಾಸವೇ ಬೇಡ ಅಂತ ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡುತ್ತಾರೆ. ಯಾರು ಏನು ಮಾಡಬೇಕು ಅಂತ ಪಂಚಾಯಿತಿ ಹೇಳಲಿಲ್ಲ. ನೀರಿಗೆ ಬೆಲೆ ಹಾಕಿತು. ತನಗೆ ಅಗ್ಗವಾದ ದಾರಿಯನ್ನು ಪ್ರತಿಯೊಬ್ಬರೂ ತಾವೇ ಹುಡುಕಿಕೊಂಡರು. ಈ ವಿಚಾರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಬರೆದಿಟ್ಟಿದ್ದರು. ಕಾರ್ಬನ್ ಬೆಲೆಯ ಬೇರು ಅಲ್ಲಿದೆ.

ಒಂದೇ ವ್ಯತ್ಯಾಸ. ಪಲ್ಪರ್ ನೀರು ಕೆಳಗಿನ ತೋಟಕ್ಕೆ ಮಾತ್ರ ತೊಂದರೆ. ಚಿಮಣಿಯ ಹೊಗೆಗೆ ಮೇಲು ಕೆಳಗು ಇಲ್ಲ, ಇಡೀ ಭೂಮಿಯೇ ಕೆಳಗಿನ ತೋಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಅದು ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಒಂದು ವರ್ಷದ ಮಳೆಯನ್ನು ಇಂಥದ್ದೇ ಸ್ಥಾವರದ ತಲೆಗೆ ಕಟ್ಟಲು ಬರುವುದಿಲ್ಲ, ಕಟ್ಟಲೂಬಾರದು. ಆದರೆ 2018ರ ಆಗಸ್ಟ್‌ನಲ್ಲಿ ನಮ್ಮ ಕಡೆಯ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ, ಮಳೆಯ ಲೆಕ್ಕ ಬದಲಾದರೆ ಯಾರ ಪುಸ್ತಕದಲ್ಲಿ ಖರ್ಚು ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ತೆರಿಗೆಯೋ, ಪರ್ಮಿಟ್ಟೋ

ಬೆಲೆ ಹಾಕಲು ಎರಡು ದಾರಿ ಇವೆ.

ಒಂದು, ಕಾರ್ಬನ್ ತೆರಿಗೆ. ಒಂದು ಟನ್ ಹೊಗೆಗೆ ಇಂತಿಷ್ಟು ಅಂತ ಸರ್ಕಾರ ಹೇಳುತ್ತದೆ. ಬೆಲೆ ಖಚಿತ. ಹೊಗೆ ಎಷ್ಟು ಇಳಿಯುತ್ತದೆ ಅನ್ನುವುದು ಖಚಿತ ಅಲ್ಲ. ಫಿನ್ಲೆಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ಹೀಗೆ ಶುರು ಮಾಡಿದವು.

ಎರಡು, ಮಿತಿ ಹಾಕಿ ಪರ್ಮಿಟ್ ಹಂಚುವುದು. ನಮ್ಮ ತೋಡಿಗೆ ವರ್ಷಕ್ಕೆ ನೂರು ಟ್ಯಾಂಕ್ ನೀರು ಮಾತ್ರ ಅಂತ ಗೊತ್ತು ಮಾಡಿ ನೂರು ಚೀಟಿ ಅಚ್ಚು ಹಾಕಿದ ಹಾಗೆ. ಚೀಟಿ ಇಲ್ಲದೆ ನೀರು ಬಿಡುವಂತಿಲ್ಲ. ಗುಂಡಿ ತೋಡಿದವರ ಹತ್ತಿರ ಚೀಟಿ ಉಳಿಯುತ್ತದೆ, ತೋಡದವರು ಅವರಿಂದ ಕೊಳ್ಳುತ್ತಾರೆ. ಇಲ್ಲಿ ಒಟ್ಟು ಮಿತಿ ಖಚಿತ, ಬೆಲೆ ಮಾತ್ರ ಸಂತೆಯ ತರಕಾರಿ ಹಾಗೆ ಏರಿಳಿಯುತ್ತದೆ. ಯುರೋಪ್ 2005ರಿಂದ ಇದನ್ನು ನಡೆಸುತ್ತಿದೆ.

ಚೀಟಿ ಜಾಸ್ತಿ ಹಂಚಿದರೆ ಇದು ಕೆಲಸ ಮಾಡುವುದಿಲ್ಲ. ಯುರೋಪಿನಲ್ಲಿ ಮೊದಲ ಸುತ್ತಿನಲ್ಲಿ ಹಾಗೇ ಆಯಿತು. 2007ರ ಹೊತ್ತಿಗೆ ಒಂದು ಟನ್ನಿನ ಚೀಟಿ ಸೊನ್ನೆಯ ಹತ್ತಿರ ಬಂದು ನಿಂತಿತು. ಆಮೇಲೆ ಚೀಟಿಗಳನ್ನು ಕಡಿಮೆ ಮಾಡುತ್ತಾ, ಹೆಚ್ಚುವರಿಯನ್ನು ಹಿಂದೆಗೆಯುತ್ತಾ ಬಂದರು. 2023ರ ಫೆಬ್ರವರಿಯಲ್ಲಿ ಅದೇ ಚೀಟಿ 100 ಯೂರೋ ದಾಟಿತು.

ಯಾವ ಸ್ಥಾವರ ಮೊದಲು ಓಡಬೇಕು

ಇಡೀ ವಿಷಯದ ಗಟ್ಟಿ ಭಾಗ ಇದು. ಬೆಲೆ ಹಾಕಿದ ತಕ್ಷಣ ಚಿಮಣಿಯ ಹೊಗೆ ಹೇಗೆ ಇಳಿಯುತ್ತದೆ? ಅಲ್ಲಿ ಫಿಲ್ಟರ್ ಏನಾದರೂ ಹಾಕುತ್ತಾರಾ? ಹೆಚ್ಚಾಗಿ ಇಲ್ಲ. ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನೆಲದಡಿ ಹುಗಿಯುವ ತಂತ್ರ ಇದೆ, ಆದರೆ ತುಂಬ ದುಬಾರಿ. ಹೊಗೆ ಇಳಿಯುವುದು ಮುಖ್ಯವಾಗಿ ಸರದಿಯಿಂದ.

ಕ್ಯೂರಿಂಗ್‌ಗೆ (ಕಾಫಿ ಬೀಜ ಹದಮಾಡುವ ಕಾರ್ಖಾನೆಗೆ) ಕಾಫಿ ಸಾಗಿಸುವಾಗ ನೀವು ಏನು ಮಾಡುತ್ತೀರಿ? ಮೊದಲು ಮನೆಯ ಟ್ರ್ಯಾಕ್ಟರ್. ಅದು ಸಾಲದಿದ್ದರೆ ಪಕ್ಕದವರ ಪಿಕಪ್. ಆಮೇಲೂ ಚೀಲ ಉಳಿದರೆ ಮಾತ್ರ ಪೇಟೆಯಿಂದ ಬಾಡಿಗೆ ಲಾರಿ. ಅಗ್ಗದ್ದು ಮೊದಲು, ದುಬಾರಿ ಕೊನೆಗೆ. ಕರೆಂಟಿನಲ್ಲೂ ಹಾಗೇ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಹೊತ್ತುಹೊತ್ತಿಗೂ ಲೆಕ್ಕ ಹಾಕುತ್ತಾರೆ. ಬಿಸಿಲು, ಗಾಳಿಗೆ ಇಂಧನದ ಖರ್ಚಿಲ್ಲ, ಅವು ಮೊದಲು. ಆಮೇಲೆ ಅಗ್ಗದ ಕಲ್ಲಿದ್ದಲು, ನಂತರ ದುಬಾರಿ ಕಲ್ಲಿದ್ದಲು. ಕಟ್ಟಿದ ಖರ್ಚು, ಸಾಲದ ಕಂತು ಈ ಸರದಿಯಲ್ಲಿ ಲೆಕ್ಕಕ್ಕಿಲ್ಲ. ಇನ್ನೊಂದು ಯೂನಿಟ್ ತೆಗೆಯಲು ಎಷ್ಟು ಬೀಳುತ್ತದೆ ಅನ್ನುವುದಷ್ಟೇ ಲೆಕ್ಕ.

ಮಳೆಗಾಲದಲ್ಲಿ ರಾಯಚೂರಿನ ಕೆಲವು ಘಟಕ ನಿಂತಿವೆ ಅಂತ ಪೇಪರ್‌ನಲ್ಲಿ ಓದಿರುತ್ತೀರಿ. ಅದೂ ಇದೇ ಸರದಿಯ ಫಲ. ಜಲಾಶಯ ತುಂಬುತ್ತದೆ, ಗಾಳಿಯಂತ್ರ ಜೋರಾಗಿ ತಿರುಗುತ್ತದೆ, ಪಂಪ್‌ಸೆಟ್‌ಗಳು ಸುಮ್ಮನಿರುತ್ತವೆ. ಸರದಿಯ ಕೊನೆಯಲ್ಲಿರುವವರಿಗೆ ಕರೆ ಬರುವುದಿಲ್ಲ.

ಈಗ ಹೊಗೆಗೆ ಬೆಲೆ ಸೇರಿಸಿ. ಅರ್ಥವಾಗಲಿ ಅಂತ ಒಂದು ಉದಾಹರಣೆ ಲೆಕ್ಕ ಮಾಡೋಣ. ಗಣಿಯ ಹತ್ತಿರ ಒಂದು ಹಳೆಯ ಸ್ಥಾವರ. ಕಲ್ಲಿದ್ದಲು ಅಗ್ಗ, ಯೂನಿಟ್‌ಗೆ 3 ರೂಪಾಯಿ. ಯಂತ್ರ ಹಳೆಯದಾದ್ದರಿಂದ ಯೂನಿಟ್‌ಗೆ 1.05 ಕಿಲೋ ಹೊಗೆ. ದೂರದಲ್ಲಿ ಒಂದು ಹೊಸ ಸ್ಥಾವರ. ರೈಲು ಬಾಡಿಗೆ ಸೇರಿ ಯೂನಿಟ್‌ಗೆ 3 ರೂಪಾಯಿ 20 ಪೈಸೆ. ಯಂತ್ರ ಚೆನ್ನಾಗಿದೆ, ಹೊಗೆ 0.88 ಕಿಲೋ. ಬೆಲೆ ಇಲ್ಲದಿದ್ದರೆ ಹಳೆಯದೇ ಮೊದಲು ಓಡುತ್ತದೆ.

ಟನ್ ಹೊಗೆಗೆ 250 ರೂಪಾಯಿ ಹಾಕಿ. ಹಳೆಯದು 3.26 ಆಯಿತು, ಹೊಸದು 3.42. ಸರದಿ ಬದಲಾಗಲಿಲ್ಲ. ಎಲ್ಲರೂ ಸ್ವಲ್ಪ ಜಾಸ್ತಿ ಕೊಟ್ಟರು, ಹೊಗೆ ಮಾತ್ರ ಮೊದಲಿನಷ್ಟೇ. ಟನ್ನಿಗೆ 2,000 ರೂಪಾಯಿ ಹಾಕಿ. ಹಳೆಯದು 5.10, ಹೊಸದು 4.96. ಸರದಿ ತಿರುಗಿತು. ಈ ಎರಡು ಸ್ಥಾವರಗಳ ಮಟ್ಟಿಗೆ ಅದು ತಿರುಗುವುದು ಟನ್ನಿಗೆ 1,200 ರೂಪಾಯಿಯ ಆಸುಪಾಸಿನಲ್ಲಿ.

ಕಾರ್ಬನ್ ಬೆಲೆಯ ಬಗ್ಗೆ ಜನ ಜಗಳವಾಡುವಾಗ ತಪ್ಪುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಬೆಲೆ ಇದೆಯೋ ಇಲ್ಲವೋ ಅಂತ ಕೇಳುತ್ತಾರೆ. ಕೇಳಬೇಕಾದದ್ದು, ಸರದಿ ತಿರುಗುವಷ್ಟು ಇದೆಯೋ ಅಂತ. ಮತ್ತೊಂದು, ಸರದಿಯಲ್ಲಿ ಕಲ್ಲಿದ್ದಲಿನ ಬದಲು ನಿಲ್ಲಲು ಬೇರೆ ಯಾರಾದರೂ ಇದ್ದಾರೋ ಅಂತ. ಎರಡರಲ್ಲಿ ಒಂದು ಇಲ್ಲದಿದ್ದರೂ ಬಿಲ್ ಏರುತ್ತದೆ, ಹೊಗೆ ಇಳಿಯುವುದಿಲ್ಲ.

ಸರದಿ ಬಿಟ್ಟು ಇನ್ನೂ ಕೆಲವು ದಾರಿಗಳಲ್ಲಿ ಬೆಲೆ ಕೆಲಸ ಮಾಡುತ್ತದೆ. ಇದ್ದ ಸ್ಥಾವರದವರು ಬಾಯ್ಲರ್, ಟರ್ಬೈನ್ ರಿಪೇರಿ ಮಾಡಿ ಕಲ್ಲಿದ್ದಲು ಉಳಿಸುತ್ತಾರೆ. ಕಲ್ಲಿದ್ದಲಿನ ಜೊತೆ ಹುಲ್ಲು, ಹೊಟ್ಟಿನ ಉಂಡೆ ಬೆರೆಸಿ ಸುಡುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಹೊಸ ಸ್ಥಾವರ ಕಟ್ಟಲು ಹೊರಟವರು ಎರಡು ಸಲ ಯೋಚಿಸುತ್ತಾರೆ. ಕಲ್ಲಿದ್ದಲಿನ ಸ್ಥಾವರ ಒಮ್ಮೆ ಎದ್ದರೆ ಮೂವತ್ತು, ನಲವತ್ತು ವರ್ಷ ನಿಲ್ಲುತ್ತದೆ. ರಾಯಚೂರಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮುಂದೆ ಹೊಗೆಗೆ ಬೆಲೆ ಬರುತ್ತದೆ ಅಂತ ಖಚಿತವಾದರೆ ಸಾಲ ಕೊಡುವ ಬ್ಯಾಂಕೂ ಹಿಂಜರಿಯುತ್ತದೆ.

ಬ್ರಿಟನ್ನಿನಲ್ಲಿ ಸರದಿ ತಿರುಗಿದ್ದು

ಇದು ಬರೀ ಕಾಗದದ ಲೆಕ್ಕ ಅಲ್ಲ. 2012ರಲ್ಲಿ ಬ್ರಿಟನ್ನಿನ ಸುಮಾರು ಶೇ 40ರಷ್ಟು ಕರೆಂಟು ಕಲ್ಲಿದ್ದಲಿನದು. ಯುರೋಪಿನ ಚೀಟಿ ಆಗ ತೀರಾ ಅಗ್ಗ. ಹಾಗಾಗಿ ಅಲ್ಲಿನ ಸರ್ಕಾರ 2013ರ ಏಪ್ರಿಲ್‌ನಿಂದ ಚೀಟಿಯ ಮೇಲೆ ತನ್ನದೇ ಒಂದು ತೆರಿಗೆ ಸೇರಿಸಿತು. 2015ರಲ್ಲಿ ಅದು ಟನ್ನಿಗೆ 18 ಪೌಂಡ್ ಆಯಿತು. ಕಲ್ಲಿದ್ದಲಿಗೆ ಬದಲಾಗಿ ಅಲ್ಲಿ ಗ್ಯಾಸ್ ಸ್ಥಾವರಗಳು ಸಿದ್ಧವಾಗಿದ್ದವು. ಒಂದು ಯೂನಿಟ್‌ಗೆ ಅವುಗಳ ಹೊಗೆ ಕಲ್ಲಿದ್ದಲಿನ ಅರ್ಧಕ್ಕಿಂತ ಕಡಿಮೆ. ತೆರಿಗೆ ಸೇರಿದ ಮೇಲೆ ಗ್ಯಾಸ್ ಮುಂದೆ ಬಂತು, ಕಲ್ಲಿದ್ದಲು ಹಿಂದೆ ಸರಿಯಿತು. 2016ರಲ್ಲಿ ಕಲ್ಲಿದ್ದಲಿನ ಪಾಲು ಶೇ 9ಕ್ಕೆ ಇಳಿಯಿತು. 2024ರ ಸೆಪ್ಟೆಂಬರ್ 30ರಂದು ಕೊನೆಯ ಸ್ಥಾವರವೂ ಮುಚ್ಚಿತು.

ತೆರಿಗೆಯೊಂದೇ ಇದನ್ನು ಮಾಡಲಿಲ್ಲ. ಹಳೆಯ ಸ್ಥಾವರಗಳ ಮೇಲೆ ಮಾಲಿನ್ಯದ ಕಠಿಣ ನಿಯಮ ಬಂದಿತ್ತು, ಸಮುದ್ರದಲ್ಲಿ ಗಾಳಿಯಂತ್ರ ಏಳುತ್ತಿದ್ದವು. ಆದರೆ ಅಷ್ಟು ಬೇಗ ಸರದಿ ತಿರುಗಿದ್ದಕ್ಕೆ ತೆರಿಗೆಯ ಕೈ ದೊಡ್ಡದು.

ನಮ್ಮಲ್ಲಿ ಅದನ್ನೇ ನಕಲು ಮಾಡಲು ಬರುವುದಿಲ್ಲ. ಭಾರತಕ್ಕೆ ಬೇಕಾದ ಗ್ಯಾಸಿನ ಸುಮಾರು ಅರ್ಧ ಹೊರಗಿನಿಂದ ಹಡಗಿನಲ್ಲಿ ಬರಬೇಕು, ಅದು ತುಂಬ ದುಬಾರಿ. ನಮ್ಮಲ್ಲಿ ಕಲ್ಲಿದ್ದಲಿನ ಬದಲು ನಿಲ್ಲಬಹುದಾದದ್ದು ಬಿಸಿಲು, ಗಾಳಿ. ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಇದೆ. ಹಗಲಿನಲ್ಲಿ ಅದು ಕಲ್ಲಿದ್ದಲನ್ನು ಹಿಂದೆ ತಳ್ಳುತ್ತದೆ. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ ಹೊತ್ತುವಾಗ ಅದು ಇರುವುದಿಲ್ಲ. ಆ ಸಂಜೆಯ ಹೊತ್ತನ್ನು ಬ್ಯಾಟರಿಯೋ, ನೀರನ್ನು ಮೇಲಕ್ಕೆ ಪಂಪ್ ಮಾಡಿ ಇಟ್ಟುಕೊಳ್ಳುವ ಯೋಜನೆಯೋ ತುಂಬುವ ತನಕ, ಎಷ್ಟೇ ಬೆಲೆ ಹಾಕಿದರೂ ಆ ಹೊತ್ತಿಗೆ ಕಲ್ಲಿದ್ದಲು ಬೇಕೇ ಬೇಕು.

ನಮ್ಮ ದೇಶ ಏನು ಮಾಡಿದೆ

ಭಾರತದಲ್ಲಿ ಇದು ಹೊಸದಲ್ಲ. 2010ರ ಜುಲೈನಿಂದ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ (ಒಂದು ಬಗೆಯ ಹೆಚ್ಚುವರಿ ತೆರಿಗೆ) ಹಾಕಿದರು. 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ಆಯಿತು. ಒಂದು ಟನ್ ಕಲ್ಲಿದ್ದಲಿನಿಂದ ಒಂದೂವರೆ ಟನ್ನಿಗೂ ಮೀರಿ ಹೊಗೆ ಬರುತ್ತದೆ. ಹಾಗಾಗಿ 400 ರೂಪಾಯಿ ಅಂದರೆ ಟನ್ ಹೊಗೆಗೆ ಹೆಚ್ಚುಕಡಿಮೆ 250. ಮೇಲಿನ ಉದಾಹರಣೆಯಲ್ಲಿ ಸರದಿ ತಿರುಗಿಸಲಾಗದ ಆ ಮೊತ್ತ ಇದೇ. ಯೂನಿಟ್‌ಗೆ ಸುಮಾರು 26ರಿಂದ 28 ಪೈಸೆ ಸೇರಿತು, ಕಲ್ಲಿದ್ದಲಿನ ಜಾಗ ಕದಲಲಿಲ್ಲ.

ಸೆಸ್ ದುಡ್ಡನ್ನು ಶುದ್ಧ ಇಂಧನಕ್ಕೆ ಬಳಸಲು ಒಂದು ರಾಷ್ಟ್ರೀಯ ನಿಧಿ ಮಾಡಿದ್ದರು. ಸಂಗ್ರಹವಾದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಆ ನಿಧಿಗೆ ಹೋಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ 400 ರೂಪಾಯಿ ಉಳಿಯಿತು, ಆದರೆ ರಾಜ್ಯಗಳ ತೆರಿಗೆ ನಷ್ಟ ತುಂಬುವ ಲೆಕ್ಕಕ್ಕೆ ಸೇರಿತು. ಹೊಗೆಯ ದುಡ್ಡು ಹೊಗೆ ಇಳಿಸುವ ಕೆಲಸಕ್ಕೆ ಹೋಗದಿದ್ದುದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ.

2025ರ ಸೆಪ್ಟೆಂಬರ್ 22ರಿಂದ ಆ 400 ರೂಪಾಯಿಯೂ ಹೋಯಿತು. ಅದರ ಬದಲು ಕಲ್ಲಿದ್ದಲಿನ ಮೇಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. ಮೊದಲು ತೂಕದ ಮೇಲೂ ತೆರಿಗೆ ಇತ್ತು, ಈಗ ಬೆಲೆಯ ಮೇಲೆ ಮಾತ್ರ. ಟನ್ನಿಗೆ 1,500 ರೂಪಾಯಿಯ ಕಲ್ಲಿದ್ದಲಿಗೆ ಮೊದಲು ಜಿಎಸ್‌ಟಿ 75, ಸೆಸ್ 400, ಒಟ್ಟು 475. ಈಗ 270. ಟನ್ನಿಗೆ ಸುಮಾರು 3,080 ರೂಪಾಯಿಗಿಂತ ಅಗ್ಗದ ಕಲ್ಲಿದ್ದಲಿಗೆಲ್ಲ ತೆರಿಗೆ ಇಳಿಯಿತು, ಅದಕ್ಕಿಂತ ದುಬಾರಿಯದಕ್ಕೆ ಏರಿತು. ನಮ್ಮಲ್ಲಿ ಅಗ್ಗದ ಕಲ್ಲಿದ್ದಲು ಅಂದರೆ ಹೆಚ್ಚಾಗಿ ಬೂದಿ ಜಾಸ್ತಿ, ಶಾಖ ಕಡಿಮೆ ಇರುವಂಥದ್ದು.

ಇನ್ನೊಂದು ಕಡೆ, 2022ರ ಕಾಯ್ದೆ ತಿದ್ದುಪಡಿ ಮತ್ತು 2023ರ ಅಧಿಸೂಚನೆಯ ಮೂಲಕ ದೇಶದಲ್ಲೇ ಕಾರ್ಬನ್ ಕ್ರೆಡಿಟ್ (ಒಂದು ಟನ್ ಹೊಗೆ ಉಳಿಸಿದ್ದಕ್ಕೆ ಸಿಗುವ ಚೀಟಿ) ಮಾರುಕಟ್ಟೆ ಕಟ್ಟುವ ಕೆಲಸ ಶುರುವಾಗಿದೆ. ಇಲ್ಲಿ ಒಟ್ಟು ಹೊಗೆಗೆ ಮಿತಿ ಇಲ್ಲ. ಒಂದು ಟನ್ ಸಿಮೆಂಟಿಗೆ ಇಷ್ಟೇ ಹೊಗೆ ಅಂತ ಗುರಿ ಕೊಡುತ್ತಾರೆ. ಗುರಿಗಿಂತ ಚೆನ್ನಾಗಿ ಮಾಡಿದವರು ಕ್ರೆಡಿಟ್ ಮಾರಬಹುದು, ತಪ್ಪಿದವರು ಕೊಳ್ಳಬೇಕು. ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕಾಸ್ಟಿಕ್ ಸೋಡಾ ಕಾರ್ಖಾನೆಗಳಿಗೆ 2025ರಲ್ಲಿ ಗುರಿ ಬಂತು. ಮೊದಲ ಪಟ್ಟಿಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಇಲ್ಲ. ಚೀನಾ ಇದಕ್ಕೆ ಉಲ್ಟಾ. 2021ರಲ್ಲಿ ಅವರು ಶುರು ಮಾಡಿದ್ದೇ ವಿದ್ಯುತ್ ಸ್ಥಾವರಗಳಿಂದ.

ಈಗ ಯಾಕೆ ಇಷ್ಟು ಸುದ್ದಿ ಅಂದರೆ, 2026ರ ಜನವರಿಯಿಂದ ಯುರೋಪಿನ ಗಡಿ ಕಾರ್ಬನ್ ತೆರಿಗೆ ಪೂರ್ತಿಯಾಗಿ ಜಾರಿಗೆ ಬಂದಿದೆ. ಅಲ್ಲಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದಂಥ ಸರಕಿನ ಹಿಂದೆ ಎಷ್ಟು ಹೊಗೆ ಇದೆ ಅಂತ ಲೆಕ್ಕ ಕೊಡಬೇಕು. ಕಾಫಿ ಇದರಲ್ಲಿ ಇಲ್ಲ. ಕಾಫಿಗೆ ಯುರೋಪ್ ತಂದಿರುವುದು ಕಾಡು ಕಡಿದ ಜಾಗದ್ದಲ್ಲ ಅಂತ ತೋರಿಸುವ ಬೇರೆಯೇ ನಿಯಮ. ಎರಡನ್ನೂ ಒಂದೇ ಅಂತ ತುಂಬ ಜನ ಕಲಸಿಕೊಂಡಿದ್ದಾರೆ.

ಬಿಲ್ ಯಾರ ತಲೆಗೆ

ಸ್ಥಾವರ ಮತ್ತು ವಿದ್ಯುತ್ ಕಂಪನಿ ನಡುವೆ ಹಲವು ವರ್ಷದ ಒಪ್ಪಂದ ಇರುತ್ತದೆ. ಕಾನೂನು ಬದಲಾಗಿ ಇಂಧನದ ಖರ್ಚು ಏರಿದರೆ ಅದನ್ನು ಸಾಮಾನ್ಯವಾಗಿ ಮುಂದಕ್ಕೆ ದಾಟಿಸಬಹುದು. ಕರೆಂಟು ಜಿಎಸ್‌ಟಿ ಒಳಗೆ ಇಲ್ಲದ ಕಾರಣ, ಕಲ್ಲಿದ್ದಲಿಗೆ ಕಟ್ಟಿದ ತೆರಿಗೆಯನ್ನು ಸ್ಥಾವರದವರು ವಾಪಸ್ ಪಡೆಯಲೂ ಬರುವುದಿಲ್ಲ. ಕೊನೆಗೆ ಅದು ದರದಲ್ಲಿ ಸೇರುತ್ತದೆ. ಇಲ್ಲವೇ, ಉಚಿತ ಯೂನಿಟ್ ಇರುವ ಕಡೆ ಸರ್ಕಾರದ ಸಹಾಯಧನದಲ್ಲಿ ಸೇರುತ್ತದೆ. ಅದೂ ನಮ್ಮ ತೆರಿಗೆಯ ದುಡ್ಡೇ.

ಆದರೆ ಸಂಗ್ರಹವಾದ ದುಡ್ಡು ಎಲ್ಲೋ ಆವಿಯಾಗುವುದಿಲ್ಲ. ಅದನ್ನು ಮನೆಗಳಿಗೇ ವಾಪಸ್ ಹಂಚಬಹುದು. ಸಂಜೆಯ ಬ್ಯಾಟರಿಗೆ, ತೋಟದ ಸೋಲಾರ್ ಪಂಪಿಗೆ ಹಾಕಬಹುದು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ತಡವಾದರೆ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡಲೇಬೇಕು. ಆ ಪಂಪ್ ಹಗಲು ಬಿಸಿಲಿನ ಕರೆಂಟಿನಲ್ಲಿ ಓಡಿದರೆ ಹೊಗೆಗೆ ಎಷ್ಟು ಬೆಲೆ ಹಾಕಿದರೂ ಅದಕ್ಕೆ ತಾಕುವುದು ತೀರಾ ಕಡಿಮೆ. ರಾತ್ರಿ ಓಡಿದರೆ ಅದರ ಹಿಂದೆ ಕಲ್ಲಿದ್ದಲು ಇರುವ ಸಂಭವ ಜಾಸ್ತಿ.

ಮಾವನ ಮರಗಳಿಗೆ ಬರುತ್ತೇನೆ

ಮರಕ್ಕೆ ದುಡ್ಡು ಕೊಡುವವರು ಯಾರು? ಹೊಗೆ ಬಿಡುವವರು. ಅವರು ಯಾಕೆ ಕೊಡುತ್ತಾರೆ? ಹೊಗೆ ಬಿಟ್ಟರೆ ಅದಕ್ಕಿಂತ ಜಾಸ್ತಿ ಕಟ್ಟಬೇಕು ಅನ್ನುವ ಕಾನೂನು ಇದ್ದಾಗ. ಇಲ್ಲವೇ ತಮ್ಮ ಹೆಸರಿಗಾಗಿ, ಸ್ವಇಚ್ಛೆಯಿಂದ. ಕಲ್ಲಿದ್ದಲಿಗೆ ಕಡ್ಡಾಯದ ಬೆಲೆ ಬಿಗಿಯಾಗಿ ಇಲ್ಲದ ಕಡೆ ಕೊಳ್ಳುವವರು ಕಡಿಮೆ, ಸಿಗುವ ಬೆಲೆಯೂ ಕಡಿಮೆ.

ಇನ್ನೊಂದು ತೊಡಕು. ಅಜ್ಜನ ಕಾಲದಿಂದ ನಿಂತಿರುವ ಮರಕ್ಕೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುವುದಿಲ್ಲ. ದುಡ್ಡು ಬಂದದ್ದರಿಂದಲೇ ಹೊಸದಾಗಿ ಎಷ್ಟು ಕಾರ್ಬನ್ ಹಿಡಿದಿರಿ ಅಂತ ತೋರಿಸಬೇಕು. ನೆರಳಿನ ಮರಗಳನ್ನು ಇಷ್ಟು ವರ್ಷ ಕಾಪಾಡಿದವರಿಗೆ ಇದು ನ್ಯಾಯ ಅನಿಸದಿರಬಹುದು. ಮಾವನಿಗೂ ಅನಿಸಲಿಲ್ಲ, ನನಗೂ ಅವರ ಮಾತು ಸರಿ ಅನಿಸಿತು. ಆದರೆ ಲೆಕ್ಕದ ಪದ್ಧತಿ ಇರುವುದು ಹಾಗೆ. ಕ್ರೆಡಿಟ್ ಕೊಂಡವನು ಅದರ ಬಲದ ಮೇಲೆ ಒಂದು ಟನ್ ಹೊಗೆ ಬಿಡುತ್ತಾನೆ. ಮರ ಹೇಗೂ ಇರುತ್ತಿತ್ತು ಅಂದರೆ ಗಾಳಿಗೆ ಆ ಒಂದು ಟನ್ ಹೆಚ್ಚೇ ಸೇರಿದಂತಾಯಿತು.

ಕಾಗದ ಹಿಡಿದು ಯಾರಾದರೂ ತೋಟಕ್ಕೆ ಬಂದರೆ ಇಷ್ಟು ಕೇಳಿ ಅಂತ ಮಾವನಿಗೆ ಹೇಳಿದೆ. ಒಪ್ಪಂದ ಎಷ್ಟು ವರ್ಷ? ನಡುವೆ ಮಗಳ ಮದುವೆಗೆ ಸಿಲ್ವರ್ ಓಕ್ ಕಡಿಯಬೇಕಾದರೆ ಏನು? ಗಾಳಿಮಳೆಗೆ ಮರ ಬಿದ್ದರೆ ಹೊಣೆ ಯಾರದು? ಅಳತೆಯ ಖರ್ಚು ಯಾರು ಹಾಕುತ್ತಾರೆ? ಕ್ರೆಡಿಟ್ ಯಾವ ನೋಂದಣಿಯಲ್ಲಿ, ಯಾರ ಹೆಸರಿನಲ್ಲಿ ಇರುತ್ತದೆ? ಉತ್ತರಗಳನ್ನು ಬಾಯಲ್ಲಿ ಕೇಳಬೇಡಿ, ಬರೆಸಿಕೊಳ್ಳಿ. ಮಾವ ಕಣದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಐದೂ ಪ್ರಶ್ನೆ ಬರೆದುಕೊಂಡರು.